ಜಕ್ಕವಕ್ಕಿ ಎಷ್ಟು ದೊಡ್ಡದು?

ನಮ್ಮ ಮನೆಯ ದೇವರ ಕೋಣೆಯನ್ನು ಕೋಣೆ ಎಂದು ಕರೆಯುವುದು ಭಕ್ತಿಯ ಮಾತೇ ಹೊರತು ವಾಸ್ತವದ ಮಾತಲ್ಲ. ವಿಲೆ ಪಾರ್ಲೆಯ ಹಳೆಯ ಬಿಲ್ಡಿಂಗಿನ ಎರಡನೆಯ ಮಾಳಿಗೆಯಲ್ಲಿ, ಅಡುಗೆಮನೆಗೂ ಹೊರಗಿನ ಕೋಣೆಗೂ ನಡುವೆ ಉಳಿದ ನಾಲ್ಕಡಿ ಜಾಗಕ್ಕೆ ಒಂದು ಪರದೆ ಕಟ್ಟಿದ್ದೇವೆ, ಅಷ್ಟೆ. ಅಲ್ಲಿನ ಮೊಳೆಗೆ ನನ್ನ ಜಪಮಾಲೆಯ ಚೀಲ ತೂಗುವುದು ನಲವತ್ತು ವರ್ಷಗಳ ವಾಡಿಕೆ. ಕಳೆದೊಂದು ವರ್ಷದಿಂದ ಅದೇ ಮೊಳೆಗೆ ಕಪ್ಪು ಬಣ್ಣದ ದುರ್ಬೀನೊಂದು ಬಂದು ಸೇರಿದೆ. ಮನೆಗೆ ಬಂದವರು ತೀರ್ಥ ತೆಗೆದುಕೊಳ್ಳುತ್ತ ಓರೆಗಣ್ಣಿನಿಂದ ಅದನ್ನು ನೋಡುತ್ತಾರೆ. ಕಾಂದಿವಲಿಯ ಗೆಳೆಯರೊಬ್ಬರು ಮೊನ್ನೆ ಕೇಳಿಯೇಬಿಟ್ಟರು: “ಏನ್ ಆಚಾರ್ರ, ಇದರಾಗ ನೋಡಿದ್ರ ದೇವರು ಜರಾ ಹತ್ರ ಕಾಣ್ತಾನೇನು?”

ನಕ್ಕು ಅವರ ಕೈಗೆ ತೀರ್ಥ ಹಾಕಿದೆ. ನಿಂತ ಕಾಲಿನ ಮೇಲೆ ಉತ್ತರ ಹೇಳುವಂಥ ಪ್ರಶ್ನೆಯಲ್ಲ ಅದು. ನೀವಾದರೆ ಕುಳಿತು ಓದುವವರು, ನಿಮಗೆ ಹೇಳಬಹುದು.

ನಾನು ಹಕ್ಕಿಗಳನ್ನು ಮೊದಲು ಕಂಡದ್ದು ವಿಭಕ್ತಿಗಳಲ್ಲಿ. ಕೃಷ್ಣೆಯ ದಂಡೆಯ ಒಂದು ಊರಿನ ಪಾಠಶಾಲೆಯಲ್ಲಿ, ಬೆಳಗಿನ ಚಳಿಗೆ ಉಟ್ಟ ಪಂಚೆಯನ್ನೇ ಮೈಗೆ ಎಳೆದುಕೊಂಡು ಸಾಲಾಗಿ ಕುಳಿತು, ಹಂಸಃ ಹಂಸೌ ಹಂಸಾಃ ಎಂದು ತೂಗಾಡುತ್ತ ಉರುಹೊಡೆಯುತ್ತಿದ್ದೆವು. ಎಂಟೂ ದಿಕ್ಕಿನಿಂದ ಹಂಸವನ್ನು ಹಿಡಿಯಬಲ್ಲವನಾಗಿದ್ದ ನಾನು, ಅದು ಎದುರಿಗೆ ಬಂದು ನಿಂತಿದ್ದರೆ ಗುರುತು ಹಿಡಿಯುತ್ತಿರಲಿಲ್ಲ. ತಲೆಯ ಮೇಲಿನ ತೊಲೆಯಲ್ಲಿ ಗುಬ್ಬಿಗಳು ಗೂಡು ಕಟ್ಟಿ ನಮಗಿಂತ ಗಟ್ಟಿಯಾಗಿ ಪಾಠ ಒಪ್ಪಿಸುತ್ತಿದ್ದವು. ಅತ್ತ ಕತ್ತೆತ್ತಿದವನ ಬೆನ್ನಿಗೆ, ಚಳಿಗಾಲದಲ್ಲೂ ಗುರುಗಳ ಕೈಬಿಡದಿದ್ದ ಬೀಸಣಿಗೆಯ ಹಿಡಿ ಬಂದು ತಾಗುತ್ತಿತ್ತು. “ಮ್ಯಾಲೇನು ನೋಡ್ತಿ? ಹಂಸ ಪುಸ್ತಕದಾಗ ಅದ. ಕೆಳಗ ನೋಡು.” ಆ ಆಜ್ಞೆಯನ್ನು ನಾನು ಅರವತ್ತು ವರ್ಷ ಚಾಚೂ ತಪ್ಪದೆ ಪಾಲಿಸಿದೆ.

ಪುಸ್ತಕದ ಹಕ್ಕಿಗಳಲ್ಲೆಲ್ಲ ನನಗೆ ಬಲು ಪ್ರಿಯವಾದದ್ದು ಚಕ್ರವಾಕ. ನಮ್ಮ ಹಳೆಯ ಕನ್ನಡದಲ್ಲಿ ಜಕ್ಕವಕ್ಕಿ. ಹಗಲೆಲ್ಲ ಜೊತೆಯಾಗಿದ್ದು, ಸೂರ್ಯ ಮುಳುಗಿದೊಡನೆ ಗಂಡು ಈ ದಡಕ್ಕೂ ಹೆಣ್ಣು ಆ ದಡಕ್ಕೂ ಬೇರೆಯಾಗಿ, ಬೆಳಗಾಗುವ ತನಕ ಒಂದನ್ನೊಂದು ಕೂಗಿ ಕರೆಯುತ್ತವೆ ಎಂಬುದು ಕವಿಸಮಯ. ಮುಂಬಯಿಗೆ ಬಂದು ರಾತ್ರಿಶಾಲೆಯಲ್ಲಿ ಮಾಸ್ತರನಾದಾಗ ಅದನ್ನು ಕಲಿಸಿದೆ. ನಿವೃತ್ತನಾದ ಮೇಲೆ ವಿರಾರದ ಕಡೆಯ ಒಂದು ಸಭಾಗೃಹದಲ್ಲಿ ಪ್ರತಿ ಶನಿವಾರ ಪ್ರವಚನಕ್ಕೆ ತೊಡಗಿದಾಗಲೂ ಅದನ್ನು ಬಿಡಲಿಲ್ಲ. ಆ ಪ್ರಸಂಗ ಬಂದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಕಣ್ಣೀರಿನ ಬಗ್ಗೆ ನನಗೆ ಒಳಗೊಳಗೇ ಅಭಿಮಾನವೂ ಇತ್ತೆಂದು ಒಪ್ಪಿಕೊಳ್ಳಬೇಕು.

ರಾತ್ರಿಶಾಲೆಯಲ್ಲಿ ದಸ್ತಗೀರನೆಂಬ ವಿದ್ಯಾರ್ಥಿಯೊಬ್ಬನಿದ್ದ. ವಿಜಯಪುರದ ಕಡೆಯವನು, ಹಗಲು ಸಾಂತಾಕ್ರೂಜಿನ ಒಂದು ಕ್ಯಾಂಟೀನಿನಲ್ಲಿ ಕಪ್ಪುಬಸಿ ತೊಳೆದು, ಒದ್ದೆ ಕೈಯಲ್ಲೇ ತರಗತಿಗೆ ಬರುತ್ತಿದ್ದ. ನಾನು ವಿರಹವನ್ನು ವಿಸ್ತಾರವಾಗಿ ವರ್ಣಿಸಿ, ಕಣ್ಣು ಮುಚ್ಚಿ ನಿಂತಿದ್ದಾಗ ಅವನು ಎದ್ದು ನಿಂತ.

“ಸರ್ರ, ಆ ಜಕ್ಕವಕ್ಕಿ ಎಷ್ಟು ದೊಡ್ಡದು ಇರ್ತೈತ್ರಿ? ಕೋಳಿಯಷ್ಟೋ, ಬಾತುಕೋಳಿಯಷ್ಟೋ?”

ತರಗತಿ ಗೊಳ್ಳೆಂದಿತು. “ಪರೀಕ್ಷಾದಾಗ ಅದನ್ನ ಕೇಳೂದಿಲ್ಲ. ಕೂಡು,” ಎಂದೆ. ಅವನು ಕೂತ. ಉತ್ತರ ನನಗೆ ಗೊತ್ತಿರಲಿಲ್ಲ ಎಂಬ ಸಂಗತಿಯನ್ನು ಅಂದು ಹೇಳಲಿಲ್ಲ, ಇಂದು ಹೇಳುತ್ತಿದ್ದೇನೆ.

ಇನ್ನು ನಮ್ಮಾಕೆಯ ಮಾತು. ಗೋದಾವರಿಗೆ ನಾಲ್ಕು ವರ್ಷಗಳ ಹಿಂದೆ ಕಣ್ಣಿನ ಬೇನೆ ಹತ್ತಿತು. ಪೊರೆಯಲ್ಲ, ಕೊಯ್ದು ತೆಗೆಯಲು. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಬಾಡುವ ರೋಗ. ದೃಷ್ಟಿ ಅಂಚಿನಿಂದ ಒಳಕ್ಕೆ ಮುಚ್ಚುತ್ತ ಬರುತ್ತದೆ. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಕಾಯುವುದಷ್ಟೇ ತಮ್ಮ ಕೈಯಲ್ಲಿದೆ ಎಂದು ವೈದ್ಯರು ತಿಳಿಸಿದರು. ಎದುರಿಗಿಟ್ಟ ಸೂಜಿಗೆ ದಾರ ಪೋಣಿಸುವವಳು, ಪಕ್ಕದಲ್ಲಿಟ್ಟ ತಂಬಿಗೆಯನ್ನು ಕಾಣದೆ ಒದ್ದುಬಿಡುತ್ತಿದ್ದಳು. ದಿನಕ್ಕೆ ಎರಡು ಬಾರಿ ಔಷಧದ ಹನಿ ಹಾಕುವುದು ನನ್ನ ಪಾಲಿನ ಸೇವೆ. ಒಂದು ಮಧ್ಯಾಹ್ನ ಹಾಗೆ ತಲೆ ಹಿಂದಕ್ಕೆ ಚಾಚಿ ಕುಳಿತಿದ್ದವಳು ಕೇಳಿದಳು:

“ಅಲ್ರೀ, ನಲವತ್ತೈದು ವರ್ಷ ಆತು, ನಿಮ್ಮ ಬಾಯಾಗ ಆ ಜಕ್ಕವಕ್ಕಿ ಕೇಳ್ಕೋತ ಬಂದೀನಿ. ಒಮ್ಮೆರೆ ನೋಡೀರೇನು ನೀವು?”

“ಇಲ್ಲ.”

“ನೋಡಲಾರದಽ ಅಷ್ಟು ಮಂದೀನ್ನ ಅಳಿಸಿದ್ರಿ?”

“ಶಾಸ್ತ್ರದಾಗ ಅದ, ಗೋದಾ.”

“ಶಾಸ್ತ್ರದಾಗ ಇರ್ಲಿ. ನನಗೊಮ್ಮೆ ತೋರಸ್ರಿ. ಕಣ್ಣು ಇರೂತನಕ.”

ಅಂದಿನ ಹನಿ ಕಣ್ಣಿಗೆ ಬೀಳದೆ ಕೆನ್ನೆಗೆ ಬಿತ್ತು. ಮತ್ತೊಂದು ಹಾಕಬೇಕಾಯಿತು.

ತೋರಿಸುವುದೆಂದರೆ ಎಲ್ಲಿಗೆ ಕರೆದೊಯ್ದು ತೋರಿಸಲಿ? ಪುಸ್ತಕದ ಹಕ್ಕಿ ಪುಸ್ತಕದಲ್ಲಿ ಸಿಕ್ಕುತ್ತದೆ. ಮುಂಬಯಿಯಲ್ಲಿ ಯಾವ ಸ್ಟೇಶನ್ನಿನಲ್ಲಿ ಇಳಿಯಬೇಕೆಂದು ಯಾರನ್ನು ಕೇಳಲಿ? ಹೀಗಿರುವಾಗ ನಮ್ಮ ಫ್ರಿಜ್ಜು ಕೆಟ್ಟಿತು. ಫ್ರಿಜ್ಜು ಕೆಡುವುದನ್ನು ಭಗವಂತನ ಕೃಪೆ ಎಂದು ಬರೆದರೆ ನೀವು ನಗುತ್ತೀರಿ, ಆದರೆ ನಾನು ಹಾಗೆಯೇ ತಿಳಿದಿದ್ದೇನೆ. ರಿಪೇರಿಗೆ ಬಂದವನು ಐವತ್ತರ ಆಸುಪಾಸಿನ ವ್ಯಕ್ತಿ, ಗಡ್ಡ ನೆರೆತಿತ್ತು. ಉಪಕರಣಗಳ ಪೆಟ್ಟಿಗೆಯನ್ನು ಕೆಳಗಿಟ್ಟು ಒಂದು ಕ್ಷಣ ನನ್ನನ್ನೇ ನೋಡಿ ಕಾಲಿಗೆ ಬಾಗಿದ.

“ಸರ್ರ, ನಾ ದಸ್ತಗೀರ್ರಿ. ಕಪ್ಪುಬಸಿ ದಸ್ತಗೀರ.”

ಈಗ ಅವನಿಗೆ ಸಾಂತಾಕ್ರೂಜಿನಲ್ಲಿ ಸ್ವಂತ ಅಂಗಡಿ. ಮಾತು ಬೆಳೆಯುತ್ತ, ಆದಿತ್ಯವಾರಗಳಂದು ಜನರ ಸಣ್ಣ ಗುಂಪು ಕಟ್ಟಿಕೊಂಡು, ಕಡಲ ನೀರು ಒಳನುಗ್ಗುವ ಖಾಡಿಗಳಿಗೆ, ದ್ವೀಪಗಳಿಗೆ ಹೋಗಿ ಹಕ್ಕಿ ತೋರಿಸುತ್ತಾನೆಂದು ತಿಳಿಯಿತು. ಗೋದಾವರಿ ಅಡುಗೆಮನೆಯಿಂದಲೇ ಕೂಗಿದಳು, “ಜಕ್ಕವಕ್ಕಿ ನೋಡೀಯೇನಪಾ?”

ದಸ್ತಗೀರ ನನ್ನತ್ತ ತಿರುಗಿದ. ಅವನ ಕಣ್ಣಿನಲ್ಲಿ ಸೇಡೂ ಇರಲಿಲ್ಲ, ಹಾಸ್ಯವೂ ಇರಲಿಲ್ಲ. ಪಾಠ ಒಪ್ಪಿಸುವವನ ವಿನಯವೊಂದೇ ಇತ್ತು. “ಬಾತುಕೋಳಿಕಿಂತ ಜರಾ ದೊಡ್ಡದ್ರಿ ಸರ್ರ. ಪರೀಕ್ಷಾದಾಗ ಕೇಳಲಿಲ್ಲ. ಅದಕ್ಕ ನಾನಽ ಹೋಗಿ ನೋಡಿ ಬಂದೆ.”

ನನ್ನ ಅಧ್ಯಾಪನದ ಫಲ ಇಷ್ಟು ವರ್ಷಗಳ ಮೇಲೆ, ನಾನು ಕೊಡದ ಉತ್ತರದ ರೂಪದಲ್ಲಿ ಮನೆಗೆ ಬಂದು ನಿಂತಿತ್ತು.

ಮುಂದಿನ ಆದಿತ್ಯವಾರವೇ ಹೊರಡುವುದೆಂದಾಯಿತು. ಪಶ್ಚಿಮ ರೈಲ್ವೆಯ ಸಾಲು ವಸಯಿಯ ಖಾಡಿಯನ್ನು ದಾಟುವಲ್ಲಿ, ಸೇತುವೆಗೆ ಸಮೀಪದಲ್ಲಿ, ಒಂದು ದ್ವೀಪವಿದೆ. ಅದರ ಹೆಸರು ಬರೆಯಬಾರದೆಂದು ದಸ್ತಗೀರ ಕೈಮುಗಿದು ಕೇಳಿಕೊಂಡಿದ್ದಾನೆ: “ಬರದ್ರ ಮುಂದಿನ ಐತವಾರ ನೂರು ಮಂದಿ ವಡಾಪಾವ್ ತಗೊಂಡು ಬರ್ತಾರ್ರಿ.” ಆದ್ದರಿಂದ ದ್ವೀಪ ಎಂದಷ್ಟೇ ಅನ್ನುತ್ತೇನೆ. ಲೋಕಲ್ ರೈಲಿನಿಂದ ದಿನವೂ ಲಕ್ಷ ಜನ ಅದನ್ನು ನೋಡುತ್ತಾರೆ. ದೋಣಿಯ ಹೊರತು ಅಲ್ಲಿಗೆ ದಾರಿಯಿಲ್ಲ. ದೂರವೆಂಬುದನ್ನು ನಾನು ಅದುವರೆಗೆ ಕಾವ್ಯದ ಗಾವುದಗಳಲ್ಲಿ ಮಾತ್ರ ಎಣಿಸಿದ್ದೆ.

ಉಡುಪಿನ ವಿಷಯದಲ್ಲಿ ಅವನು ಕಟ್ಟುನಿಟ್ಟು. ನನ್ನ ಕೇಸರಿ ಉತ್ತರೀಯ ಬೇಡ, ಗೋದಾವರಿಯ ಕೆಂಪು ಸೀರೆ ಬೇಡ. “ನಿಮ್ಮ ಬಿಳೇ ಧೋತರಾನೂ ಬ್ಯಾಡ್ರಿ ಸರ್ರ. ಬೆಳ್ಳಕ್ಕಿಗೂ ಸಂಶಯ ಬರ್ತೈತಿ.” ಕಡೆಗೆ ನಾನು ಕಾವಿಯೂ ಅಲ್ಲದ ಮಣ್ಣೂ ಅಲ್ಲದ ಒಂದು ಹಳೆಯ ಶಾಲು ಹೊದ್ದೆ. ಅವಳು ಬೂದುಬಣ್ಣದ ಸೀರೆಯುಟ್ಟು, “ಹಕ್ಕಿ ನೋಡ್ಲಿಕ್ಕೆ ಹೊಂಟೀವೋ, ಕಳ್ಳತನಕ್ಕೋ?” ಎಂದು ಗೊಣಗಿದಳು.

ಹೊರಡುವ ಮುನ್ನ, ಎಂದಿನಂತೆ, ದೇವರ ನಿರ್ಮಾಲ್ಯವನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡೆ. ಇದನ್ನು ವಿವರಿಸಬೇಕು, ಮುಂಬಯಿಯ ಹೊರಗಿನವರಿಗೆ ವಿಚಿತ್ರವೆನ್ನಿಸೀತು.

ದೇವರಿಗೆ ಏರಿಸಿದ ಹೂವನ್ನು ಕಸದ ಬುಟ್ಟಿಗೆ ಹಾಕಲಾಗದು. ಹರಿಯುವ ನೀರಿಗೇ ಬಿಡಬೇಕು. ಬಿಲ್ಡಿಂಗಿನಲ್ಲಿ ವಾಸಿಸುವವರು ಹೊಳೆಯನ್ನು ಎಲ್ಲಿಂದ ತರಬೇಕು? ರೈಲು ಖಾಡಿಯ ಸೇತುವೆಯ ಮೇಲೆ ಬಂದಾಗ ಬಾಗಿಲಿನಿಂದ ಚೀಲವನ್ನು ನೀರಿಗೆ ಎಸೆಯುವುದು ಇಲ್ಲಿನ ಆಸ್ತಿಕರ ಉಪಾಯ. ಪ್ರತಿ ಶನಿವಾರ ಪ್ರವಚನಕ್ಕೆಂದು ಹತ್ತುವ ನಮ್ಮ ಕನ್ನಡಿಗರೆಲ್ಲ ರೈಲಿನ ಒಂದೇ ಡಬ್ಬಿಯಲ್ಲಿ ಕೂಡುತ್ತಿದ್ದೆವು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಚೀಲ. ಸೇತುವೆ ಸಮೀಪಿಸಿದಾಗ ಚೀಲಗಳು ಕೈಯಿಂದ ಕೈಗೆ ದಾಟಿ ಬಾಗಿಲಿನಲ್ಲಿ ನಿಂತ ನನ್ನನ್ನು ತಲುಪುತ್ತಿದ್ದವು. ನಾನು ಒಂದೊಂದನ್ನೂ ಕಣ್ಣಿಗೊತ್ತಿಕೊಂಡು, ಮಂತ್ರ ಹೇಳಿ, ನೀರಿಗೆ ಅರ್ಪಿಸುತ್ತಿದ್ದೆ. ಆಚಾರ್ಯರ ಕೈಯಿಂದ ಹೋದರೆ ಗಂಗೆಗೇ ಹೋದಂತೆ ಎಂದು ಅವರ ನಂಬಿಕೆ. ಒಂದು ಶನಿವಾರ ನನಗೆ ಜ್ವರ ಬಂದಾಗ ಚೀಲಗಳು ಒಂದು ವಾರ ಮನೆಗಳಲ್ಲೇ ಕಾದಿದ್ದವಂತೆ. ಹದಿನಾಲ್ಕು ವರ್ಷ ನಾನು ಆ ಡಬ್ಬಿಯ ಪುರೋಹಿತ.

ಈ ಸಲವಾದರೋ ದೋಣಿಯಲ್ಲೇ ಹೋಗುವುದಿತ್ತು. ರೈಲಿನಿಂದ ಎಸೆಯುವುದಕ್ಕಿಂತ ನಡುನೀರಿನಲ್ಲಿ ಕೈಯಾರೆ ಬಿಡುವುದು ಶ್ರೇಷ್ಠವೆಂದು ಚೀಲವನ್ನು ಸೇತುವೆಯ ಮೇಲೆ ಎಸೆಯದೆ ಶಾಲಿನೊಳಗೆ ಇಟ್ಟುಕೊಂಡೆ.

ಜನವರಿಯ ಮುಂಜಾವು. ದಸ್ತಗೀರ, ನಾವಿಬ್ಬರು, ಕ್ಯಾಮೆರಾ ಹೊತ್ತ ನಾಲ್ಕು ಜನ. ದೋಣಿಗೆ ಕೈಮುಗಿದು ಕಾಲಿಟ್ಟೆ. ನೀರಿನ ಮೇಲೆ ಮಂಜು ಹಾಸಿತ್ತು. ಸೇತುವೆಯ ಕಂಬಗಳು ಬುಡವಿಲ್ಲದೆ ತೇಲುತ್ತಿದ್ದಂತಿದ್ದವು. ದೋಣಿ ಅಂಬಿಗನ ಒಂದು ಕೋಲಿನ ನೂಕಿಗೆ ದಡ ಬಿಟ್ಟಾಗ, ನಗರದ ಸದ್ದು ಯಾರೋ ಬಾಗಿಲು ಎಳೆದುಕೊಂಡಂತೆ ಹಿಂದೆ ಉಳಿಯಿತು. ಚೀಲ ಬಿಡಲು ಅದೇ ಸಮಯ. ಆದರೆ ಆ ನಿಶ್ಶಬ್ದದಲ್ಲಿ ಕೈ ಏಳಲಿಲ್ಲ. ಬರುವಾಗ ಬಿಟ್ಟರಾಯಿತು ಎಂದುಕೊಂಡೆ.

ದ್ವೀಪದ ಅಂಚಿನ ಕೆಸರಿನ ಮೇಲೆ ಸಾವಿರಾರು ಪುಟ್ಟ ಹಕ್ಕಿಗಳು. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರದವು, ಓಡುತ್ತ, ನಿಲ್ಲುತ್ತ, ಕೆಸರನ್ನು ಕುಕ್ಕುತ್ತ ಇದ್ದವು. “ಇವು ಹಿಮಾಲಯ ದಾಟಿ ಬಂದಾವ್ರಿ ಸರ್ರ. ಅದಕ್ಕೂ ಆಚೆ, ಬರ್ಫಿನ ದೇಶದಿಂದ,” ಎಂದು ದಸ್ತಗೀರ ಪಿಸುಗುಟ್ಟಿದ. ಯಾವ ದಾರಿದೀಪ, ಯಾರ ಆಜ್ಞೆ? ಅಷ್ಟು ಸಣ್ಣ ತಲೆಯೊಳಗೆ ಅಷ್ಟು ದೊಡ್ಡ ಭೂಗೋಳವನ್ನು ಇಟ್ಟವನಾರು? ನನಗೆ ತಿಳಿಯದೆಯೇ ಪಾದರಕ್ಷೆಗಳನ್ನು ಕಳಚಿ ನಿಂತಿದ್ದೆ. ಕೆಸರು ತಣ್ಣಗೆ ಹಿಮ್ಮಡಿಯನ್ನು ಅಪ್ಪಿತು.

“ಸರ್ರ, ಚಪ್ಪಲ್ ಹಾಕ್ಕೊಳ್ರಿ. ಚಿಪ್ಪು ಹೆಟ್ಟತಾವ.”

“ಇರ್ಲಿ ಬಿಡಪಾ,” ಎಂದಳು ಗೋದಾವರಿ. “ಅವರಿಗೆ ಗುಡಿ ಕಂಡದ.”

ಆಗಲೇ ತಲೆಯ ಮೇಲೆ ಗರುಡ ಬಂತು. ಬಿಳಿಯ ಕೊರಳು, ಕೆಂಪು ರೆಕ್ಕೆ, ಸಾಕ್ಷಾತ್ ಸ್ವಾಮಿಯ ವಾಹನ. ನಾನು ಕೆನ್ನೆ ಬಡಿದುಕೊಂಡು ಗರುಡದಂಡಕವನ್ನು ಆರಂಭಿಸಿದೆ. ಅದು ನನ್ನ ಎರಡನೆಯ ಪಾದಕ್ಕೆ ಕಾಯದೆ ಕೆಳಗೆರಗಿ, ಕೊಳೆತ ಮೀನೊಂದನ್ನು ಉಗುರಿನಲ್ಲಿ ಎತ್ತಿಕೊಂಡು ಹೋಯಿತು. ಕ್ಯಾಮೆರಾದವರು ನಕ್ಕರು, ನಾನು ದಂಡಕವನ್ನು ಪೂರ್ತಿ ಮಾಡಿದೆ. ವಾಹನಕ್ಕೂ ಹಸಿವಿರುತ್ತದೆ ಎಂಬುದು ಹೊಳೆದ ಮೇಲೆ ಅದರ ಮೇಲಿನ ಭಕ್ತಿ ಒಂದು ಹಿಡಿ ಹೆಚ್ಚೇ ಆಯಿತು.

ಮುಂದೆ ದಾರಿ ಕಾಂಡ್ಲಾ ಗಿಡಗಳ ನಡುವೆ ಸಾಗಿತು. ಉಪ್ಪುನೀರಿನಲ್ಲಿ ಬೆಳೆದು ಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಚಾಚುವ ಗಿಡಗಳವು. ಬೇರುಬೇರಿಗೂ ಏನೋ ತೂಗಾಡುತ್ತಿತ್ತು. ದೂರದಿಂದ ನನಗೆ ಅಲಂಕಾರ ಮಾಡಿದಂತೆ ಕಂಡಿತು. ಹತ್ತಿರ ಹೋದಾಗ ಗುರುತು ಸಿಕ್ಕಿತು. ಚೀಲಗಳು. ಕೆಸರು ತುಂಬಿದ, ಹರಿದ, ಗಂಟು ಬಿಚ್ಚದ ಚೀಲಗಳು. ಒಳಗೆ ಕಪ್ಪಾದ ಚೆಂಡುಹೂವು, ಊದುಬತ್ತಿಯ ಕಡ್ಡಿ. ಹೂ ಕೊಳೆತು ಹೋದ ಹಾರಗಳ ನೈಲಾನ್ ದಾರ ಬೇರಿನಿಂದ ಬೇರಿಗೆ ಬಲೆಯಂತೆ ಹೆಣೆದುಕೊಂಡಿತ್ತು. ಅದರಲ್ಲಿ ಸಣ್ಣದೊಂದು ಹಕ್ಕಿಯ ಒಣಗಿದ ಕಾಲು ಸಿಕ್ಕಿಬಿದ್ದಿತ್ತು, ಕಾಲು ಮಾತ್ರ.

ದಸ್ತಗೀರ ಜೇಬಿನಿಂದ ಕತ್ತರಿ ತೆಗೆದು ದಾರವನ್ನು ಕತ್ತರಿಸಿ ಸುತ್ತಿಟ್ಟುಕೊಂಡ. ದಿನಚರಿಯಂತೆ ಮಾಡಿದ.

“ಯಾರು ಒಗೀತಾರೋ ಇಲ್ಲಿ?” ಎಂದು ಕೇಳಿದೆ. ಕೇಳಬಾರದಿತ್ತು.

“ಮ್ಯಾಲಿಂದ ಬೀಳ್ತಾವ್ರಿ ಸರ್ರ,” ಎಂದು ಸೇತುವೆಯತ್ತ ಗದ್ದ ಎತ್ತಿದ. “ದಿನಾ ಬೀಳ್ತಾವು. ಶನಿವಾರ ಮಧ್ಯಾಹ್ನ ಒಂದು ಗಾಡಿಯಿಂದ ಒಂದಽ ಕಡೆ ಧಬಧಬ ಬೀಳ್ತಾವು. ಯಾರೋ ಪದ್ಧತ್‍ಶೀರ್ ಮಂದಿ, ಶಿಸ್ತಿನವರು.”

ಗೋದಾವರಿ ನನ್ನ ಶಾಲನ್ನು ಮೆಲ್ಲನೆ ಎಳೆದು ಪಿಸುಗುಟ್ಟಿದಳು: “ಚೀಲ ಕಾಣ್ಲಿಕತ್ತದ. ಒಳಗ ಇಟ್ಕೊಳ್ರಿ.” ಅಂಚಿನ ತಂಬಿಗೆ ಕಾಣದವಳಿಗೆ ಅದು ಹೇಗೋ ಕಂಡಿತ್ತು. ಎಪ್ಪತ್ತೆರಡು ವರ್ಷದ ವಿದ್ವಾಂಸನು, ದೇವರ ಹೂವನ್ನು ಕದ್ದ ಮಾಲಿನಂತೆ ಕಂಕುಳಲ್ಲಿ ಒತ್ತಿಕೊಂಡು, ಮುಂದೆ ನಡೆದನು.

ದ್ವೀಪದ ಆಚೆಯ ತುದಿಯಿಂದ ನೂರು ಮಾರು ದೂರಕ್ಕೆ, ಸೇತುವೆಯ ಬುಡದಲ್ಲೇ, ಒಂದು ಮರಳದಿಬ್ಬ. ಉಬ್ಬರ ಏರುತ್ತಿತ್ತು. ಇನ್ನು ಅರ್ಧ ತಾಸಿನಲ್ಲಿ ದಿಬ್ಬ ಮುಳುಗುತ್ತದೆ, ಮುಳುಗಿದರೆ ಹಕ್ಕಿ ಎಲ್ಲಿಗೆ ಹೋಗುತ್ತದೋ ಹೇಳಲಾಗದು, ಮುಂದಿನ ವಾರಗಳಲ್ಲಿ ಬಿಸಿಲೇರಿದರೆ ಈ ಚಳಿಗಾಲಕ್ಕೆ ಇದೇ ಕಡೆಯದೂ ಆಗಬಹುದು ಎಂದು ದಸ್ತಗೀರ ಅವಸರಿಸಿದ. ಕ್ಯಾಮೆರಾದವರು ಹುಡುಕಿದರು. ನಾನು ಬರಿಗಣ್ಣಿನಲ್ಲಿ ಹುಡುಕಿದೆ. ಮಂಜು, ಮರಳು, ನೀರು.

ದಸ್ತಗೀರ ತನ್ನ ದುರ್ಬೀನನ್ನು ಗೋದಾವರಿಯ ಕೊರಳಿಗೆ ಹಾಕಿದ. “ಅವ್ವಾರ, ಇದರಾಗ ಬರೇ ಒಂದು ಸಣ್ಣ ಗೋಲ್ ಕಾಣ್ತೈತ್ರಿ, ಸುತ್ತಲಿಂದು ಎಲ್ಲಾ ಕತ್ತಲಿ. ಹೊಸಬರಿಗೆ ತ್ರಾಸ್ ಆಗ್ತೈತಿ. ಮೆಲ್ಲಕ—”

“ನನಗ್ಯಾಕ ತ್ರಾಸು?” ಅವಳು ದುರ್ಬೀನನ್ನು ಕಣ್ಣಿಗೆ ಇಟ್ಟುಕೊಂಡಾಗಿತ್ತು. “ಮೂರು ವರ್ಷದಿಂದ ನನಗ ಜಗತ್ತು ಹಿಂಗಽ ಕಾಣ್ತದ. ನಿಮ್ಮೆಲ್ಲಾರಿಗೂ ಇವತ್ತು ಗೊತ್ತಾತು.”

ಬಚ್ಚಲಿಗೆ ಹೋಗುವ ದಾರಿಯನ್ನು, ದೇವರ ದೀಪವನ್ನು, ನನ್ನ ಮುಖವನ್ನು ಅವಳು ಮೂರು ವರ್ಷದಿಂದ ಹೇಗೆ ಹುಡುಕುತ್ತಿದ್ದಳೋ ಹಾಗೆಯೇ ಈಗ ಮರಳದಿಬ್ಬವನ್ನು ಎಡದಿಂದ ಬಲಕ್ಕೆ, ಅಕ್ಕಿ ಆರಿಸುವವರಂತೆ, ಚೂರುಚೂರಾಗಿ ದಾಟಿದಳು. ನಾವೆಲ್ಲ ಇಡೀ ನೀರನ್ನೇ ಒಮ್ಮೆಲೇ ನೋಡಲು ಹೋಗಿ ಏನನ್ನೂ ಕಾಣದೆ ನಿಂತಿದ್ದೆವು. ಅವಳ ಕೈ ನಿಂತಿತು.

“ಅದಾವ,” ಎಂದಳು. “ಎರಡೂ ಅದಾವ.”

ದಸ್ತಗೀರ ಅವಳ ದಿಕ್ಕಿನಲ್ಲಿ ನೋಡಿ ತಲೆಯಾಡಿಸಿದ. “ಅವಽ ರೀ. ಸರ್ರ, ಇವು ಮಾನಸ ಸರೋವರದ ಕಡೆ ಮರಿ ಮಾಡ್ತಾವ್ರಿ. ಅಲ್ಲಿಂದಽ ಬಂದಾವು.”

ಮಾನಸ ಸರೋವರ! ನಾವಿಬ್ಬರೂ ಹೋಗಬೇಕೆಂದು ಹತ್ತು ವರ್ಷ ಸಂಕಲ್ಪ ಮಾಡಿ, ಅವಳ ಕಣ್ಣಿನ ದೆಸೆಯಿಂದ ಕೈಬಿಟ್ಟ ಯಾತ್ರೆ. ಆ ನೀರನ್ನು ಮುಟ್ಟಿದ ಪಾದಗಳು ಲೋಕಲಿನ ಸೇತುವೆಯ ಪಕ್ಕದಲ್ಲಿ, ನಮ್ಮ ಖಾಡಿಯ ಕೊಳೆಯ ನೀರಿನಲ್ಲಿ ನಿಂತಿದ್ದವು. ಗೋದಾವರಿ ದುರ್ಬೀನನ್ನು ಇಳಿಸಲಿಲ್ಲ. ಎರಡೂ ಕೈ ಅದರ ಮೇಲೇ ಇದ್ದುದರಿಂದ ಕೈಮುಗಿಯಲಾಗದೆ, ತಲೆಯನ್ನಷ್ಟೇ ಒಂದಿಷ್ಟು ಬಾಗಿಸಿದಳು.

ಬಹಳ ಹೊತ್ತು ನೋಡಿದಳು. ಆಮೇಲೆ ದಸ್ತಗೀರನನ್ನು ಕೇಳಿದಳು, “ರಾತ್ರಿ ಬ್ಯಾರೆ ಬ್ಯಾರೆ ಇರ್ತಾವಂತ, ಖರೇನು?”

ದಸ್ತಗೀರ ನನ್ನ ಮುಖ ನೋಡಿದ. “ಸರ್ರು ಹೇಳ್ಯಾರಂದ್ರ...”

“ನೀ ಕಂಡದ್ದು ಹೇಳು,” ಎಂದೆ.

“ರಾತ್ರಿನೂ ಕೂಡೇ ಮೇಯ್ತಾವ್ರಿ ಅವ್ವಾರ. ಕತ್ತಲಾಗ ಒಂದಕ್ಕೊಂದು ಕಾಣೂದಿಲ್ಲ ನೋಡ್ರಿ, ಅದಕ್ಕ ಕೂಗ್ಕೋತ ಇರ್ತಾವು. ನಾ ಇಲ್ಲೇ ಇದ್ದೀನಿ, ನೀ ಎಲ್ಲಿದ್ದಿ ಅಂತ.”

ನನ್ನ ನಲವತ್ತೈದು ವರ್ಷದ ವಿರಹ ಅಲ್ಲಿಗೆ ಮುಗಿಯಿತು. ನನಗೆ ಅದರಿಂದ ವ್ಯಥೆಯಾಗಲಿಲ್ಲವೆಂದರೆ ನಂಬುವಿರಾ?

“ತಗೋರಿ, ನಿಮ್ಮ ಪಾಳಿ,” ಎಂದು ಗೋದಾವರಿ ದುರ್ಬೀನನ್ನು ಕೊರಳಿನಿಂದ ತೆಗೆದು ನನಗೆ ಕೊಟ್ಟಳು. ಕನ್ನಡಕವನ್ನು ಹಣೆಗೇರಿಸಿ, ದುರ್ಬೀನನ್ನು ಕಣ್ಣಿಗೆ ಒತ್ತಿ, ಹುಡುಕತೊಡಗಿದೆ. ಗೋಲದಲ್ಲಿ ನೀರು ಬಂತು, ಮರಳು ಬಂತು. ಆಗ ಸೇತುವೆಯ ಮೇಲೆ ಲೋಕಲೊಂದು ಬಂದ ಸದ್ದಾಯಿತು.

“ರೈಲಿಗೆ ಅಂಜೂದಿಲ್ರಿ, ರೂಢಿ ಐತಿ. ನೀವು ನೋಡ್ರಿ,” ಎಂದ ದಸ್ತಗೀರ.

ರೈಲಿಗೆ ಅವು ಅಂಜಲಿಲ್ಲ. ಬಾಗಿಲಿನಿಂದ ಬಿದ್ದ ಚೀಲಕ್ಕೆ ಅಂಜಿದವು. ದಿಬ್ಬದ ಅಂಚಿನ ತೆಳುನೀರಿನಲ್ಲಿ ಅದು ಧಪ್ಪೆಂದು ಒಡೆದು ಚೆಂಡುಹೂವು ಚೆಲ್ಲಿದ್ದನ್ನು ಎಲ್ಲರೂ ಬರಿಗಣ್ಣಿನಲ್ಲೇ ಕಂಡರು. ನನ್ನ ಗೋಲದಲ್ಲಿ ಮಾತ್ರ, ಅದೇ ಗಳಿಗೆಗೆ, ಏನೋ ಕಿತ್ತಳೆಯ ಬಣ್ಣದ್ದು, ಏನೋ ಬೆಳ್ಳಗಿನದು ಒಂದು ಗೀಟಿನಂತೆ ಹಾಯ್ದು ಹೋಯಿತು. ಮೂಗಿನಲ್ಲಿ ಊದಿದಂಥ ಒಂದು ಕೂಗು. ಸ್ವಲ್ಪ ದೂರದಿಂದ ಅದಕ್ಕೆ ಮತ್ತೊಂದು ಕೂಗು. ದುರ್ಬೀನು ಇಳಿಸಿದಾಗ ದಿಬ್ಬ ಖಾಲಿಯಾಗಿತ್ತು. ನೀರಿನ ಮೇಲೆ ಹಳದಿ ಹೂವುಗಳು ನಮ್ಮತ್ತಲೇ ತೇಲಿ ಬರುತ್ತಿದ್ದವು.

ಮರಳಿ ದೋಣಿಗೆ ನಡೆಯುವಾಗ ಗೋದಾವರಿ ನನ್ನ ಮುಂಗೈ ಹಿಡಿದಿದ್ದಳು. “ಬರ್ರಿ, ನಾ ಹೇಳ್ತೀನಿ. ನಡುವ ಬಾಯಿ ಹಾಕಬ್ಯಾಡ್ರಿ,” ಎಂದು ಹೇಳತೊಡಗಿದಳು. ನಾನು ಬಾಯಿ ಹಾಕಲಿಲ್ಲ. ನಡುನೀರು ಬಂದಿತು, ಹೋಯಿತು. ಶಾಲಿನೊಳಗಿನ ಚೀಲ ಅಲ್ಲೇ ಉಳಿಯಿತು. ದಡಕ್ಕೆ ಬಂದಾಗ ದಸ್ತಗೀರ ದುರ್ಬೀನನ್ನು ವಾಪಸು ತೆಗೆದುಕೊಳ್ಳಲಿಲ್ಲ. “ಅವ್ವಾರ ಕಡೆ ಇರ್ಲಿ ಸರ್ರ. ನಮ್ಮೆಲ್ಲಾರಕಿಂತ ಮೊದಲು ಅವರಿಗೇ ಸಿಕ್ತು.” ಅವನಿಗೆ ನಿಜವನ್ನು ಹೇಳಬೇಕೆಂದು ಎರಡು ಬಾರಿ ಗಂಟಲು ಸರಿಮಾಡಿಕೊಂಡೆ. ಎರಡು ಬಾರಿಯೂ ಹವಾಮಾನದ ಬಗ್ಗೆ ಮಾತನಾಡಿದೆ.

ಮುಂದಿನ ಶನಿವಾರ ಪ್ರವಚನದ ಡಬ್ಬಿಯಲ್ಲಿ ಎಂದಿನ ಜನ ಕೂಡಿದರು. ಸೇತುವೆ ಸಮೀಪಿಸಿತು. ಚೀಲಗಳು ಕೈಯಿಂದ ಕೈಗೆ ದಾಟಿ ಬಂದವು. “ಆಚಾರ್ರ, ನಂದು ಜರಾ ದೂರ ಬೀಳ್ಲಿ, ಸತ್ಯನಾರಾಯಣಂದು ಅದ.” ಹದಿಮೂರು ಚೀಲಗಳು. ನಾನು ಒಂದೊಂದನ್ನೂ ಕಣ್ಣಿಗೊತ್ತಿಕೊಂಡೆ, ಮಂತ್ರವನ್ನೂ ಹೇಳಿದೆ, ಮತ್ತು ಅವರಿಗೆ ಬೆನ್ನು ಮಾಡಿ ನಿಂತು, ಒಂದೊಂದನ್ನೂ ನನ್ನ ಜೋಳಿಗೆಗೆ ಇಳಿಸಿದೆ. ಎಸೆಯಲು ಕೈ ಬರಲಿಲ್ಲ; ಎಸೆಯಬೇಡಿರೆಂದು ಹೇಳಲು ಬಾಯಿ ಬರಲಿಲ್ಲ. ಇಷ್ಟು ವರ್ಷ ನಿಮ್ಮ ಪುಣ್ಯವನ್ನು ನಾನೇ ಕೆಸರಿಗೆ ಹಾಕಿದ್ದೇನೆಂದು ಹೇಗೆ ಹೇಳಲಿ? ಗೋದಾವರಿ ಎದುರಿನ ಸೀಟಿನಲ್ಲಿ ಕುಳಿತು ನೇರ ನನ್ನನ್ನೇ ನೋಡುತ್ತಿದ್ದಳು. ನೇರವಾಗಿರುವುದು ಅವಳಿಗೆ ಚೆನ್ನಾಗಿ ಕಾಣುತ್ತದೆ.

ಸಭಾಗೃಹದಲ್ಲಿ ಜಕ್ಕವಕ್ಕಿಯನ್ನು ನೋಡಿ ಬಂದ ಸುದ್ದಿ ಹಬ್ಬಿತ್ತು. ಪೀಠದ ಮೇಲೆ ಕುಳಿತು, ಪುಸ್ತಕದ ಗಂಟು ಬಿಚ್ಚಿದಾಗ ಮುಂದಿನ ಸಾಲಿನವರೇ ಕೇಳಿದರು, “ಇವತ್ತು ಅದನ್ನಽ ಹೇಳ್ರಿ ಆಚಾರ್ರ.” ನಾನು ಪುಸ್ತಕವನ್ನು ಮತ್ತೆ ಕಟ್ಟಿದೆ. “ಕಂಡವರು ಹೇಳಬೇಕು. ನಾನು ಕಂಡಿಲ್ಲ, ಇವಳು ಕಂಡಿದ್ದಾಳೆ,” ಎಂದು ಗೋದಾವರಿಯತ್ತ ಕೈ ತೋರಿದೆ.

ಅವಳು ನಾಚುತ್ತಾಳೆಂದುಕೊಂಡಿದ್ದೆ. ಕಂಬ ಹಿಡಿದು ಎದ್ದು ನಿಂತಳು.

“ಕೇಸರಿಭಾತಿಗೆ ತುಪ್ಪ ಹೆಚ್ಚಾದ್ರ ಹೆಂಗ ಕಾಣ್ತದ, ಆ ಬಣ್ಣ. ತಲಿ ಮಾತ್ರ ಅದಕಿಂತ ತಿಳೀದು,” ಎಂದು ಆರಂಭಿಸಿದಳು. “ಅಳ್ಳಿಕ್ಕೆ ಹತ್ತಿದ್ದಿಲ್ಲ ಮತ್ತ. ಒಂದು ಕುತ್ತಿಗಿ ಬೆನ್ನಾಗ ಇಟ್ಟು ನಿದ್ದಿ ಮಾಡ್ತಿತ್ತು, ಇನ್ನೊಂದು ಕಾಯ್ಕೋತ ನಿಂತಿತ್ತು. ಸ್ವಲ್ಪ ಹೊತ್ತಿಗೆ ನಿಂತದ್ದು ಮಲಗ್ತು, ಮಲಗಿದ್ದು ಎದ್ದು ನಿಂತಿತು. ಯಾರೂ ಯಾರಿಗೂ ಹೇಳಲಿಲ್ಲ. ನೀರು ಕಾಲತನಕ ಬಂತು. ಒಂದು ಹೆಜ್ಜಿ ಹಿಂದ ಸರದ್ವು, ಎರಡೂ ಕೂಡೇ. ಇನ್ನೊಂದು ಹೆಜ್ಜಿ. ಬಿಸಿಲು ಬಿದ್ದಾಗ ಒಂದು ರೆಕ್ಕಿ ಬಿಚ್ತು ನೋಡ್ರಿ, ಒಳಗ ಹಾಲಿನಂಥ ಬಿಳುಪು. ಅಷ್ಟು ಬಿಳುಪು ಒಳಗ ಇಟ್ಕೊಂಡು ಹೊರಗ ಸುಮ್ಮನ ನಿಂತಿದ್ವು. ನಾ ಇಷ್ಟು ವರ್ಷದಾಗ ಅಂಥಾದ್ದು ನೋಡಿದ್ದಿಲ್ಲ. ಇನ್ನ ನೋಡದಿದ್ರೂ ನಡೀತದ.”

ಸಭೆಯಲ್ಲಿ ಒಬ್ಬರೂ ಕಣ್ಣೊರೆಸಿಕೊಳ್ಳಲಿಲ್ಲ. ಕಣ್ಣೊರೆಸಿಕೊಂಡರೆ ಎಲ್ಲಿ ಹಕ್ಕಿ ತಪ್ಪೀತೋ ಎಂಬಂತೆ ಕುಳಿತಿದ್ದರು. ನಾನೂ ಆಗಲೇ, ಅವಳ ಮಾತಿನಲ್ಲಿ, ಮೊದಲ ಬಾರಿಗೆ ಜಕ್ಕವಕ್ಕಿಯನ್ನು ಕಂಡೆ.

“ಆಮ್ಯಾಲೆ?” ಎಂದು ಯಾರೋ ಕೇಳಿದರು.

“ಆಮ್ಯಾಲೆ ಇವರ ಪಾಳಿ ಬಂತು. ಅಷ್ಟರಾಗ ಪುಲ್ ಮ್ಯಾಲೆ ರೈಲ್ ಬಂತು,” ಎಂದಳು ಗೋದಾವರಿ. ತಲೆಯನ್ನು ಮೆಲ್ಲನೆ ತಿರುಗಿಸಿ, ತನ್ನ ಸಣ್ಣ ಗೋಲದಲ್ಲಿ ನನ್ನನ್ನು ಹುಡುಕಿ ನಿಲ್ಲಿಸಿದಳು. “ಮುಂದಿಂದು ಅವರು ಹೇಳ್ತಾರ.”

ಕೂತುಬಿಟ್ಟಳು.

ನಾನು ಪೀಠದಿಂದ ಕೆಳಗಿಳಿದೆ. ಜೋಳಿಗೆಯಿಂದ ಹದಿಮೂರು ಚೀಲಗಳನ್ನು ಒಂದೊಂದಾಗಿ ತೆಗೆದು, ಎಲ್ಲರಿಗೂ ಕಾಣುವಂತೆ, ಸಾಲಾಗಿ ನೆಲದ ಮೇಲೆ ಇಡತೊಡಗಿದೆ.